ಮೋಟಾರ್‌ಹೋಮ್‌ಗೆ ಡ್ಯಾಶ್ ಕ್ಯಾಮೆರಾ: ಮೊದಲು ವೈರಿಂಗ್, ಆಮೇಲೆ ಕ್ಯಾಮೆರಾ

ಹಂಪಿ, ಆನೆಗೊಂದಿಗಳತ್ತ ಹೊರಟ ಮೋಟಾರ್‌ಹೋಮ್‌ಗಳು, ಅಂದರೆ ಒಳಗೇ ವಾಸಿಸಬಹುದಾದ ಗಾಡಿಗಳು, ಬಳ್ಳಾರಿಯಲ್ಲಿರುವ ನಮ್ಮ ವಾಹನ ವೈರಿಂಗ್ ಕಾರ್ಯಾಗಾರಕ್ಕೂ ಆಗಾಗ ಬರುತ್ತವೆ. ಅವುಗಳ ಮಾಲೀಕರು ಮೊದಲು ಕೇಳುವುದು ಯಾವ ಕಂಪನಿಯ ಡ್ಯಾಶ್ ಕ್ಯಾಮೆರಾ (ಮುಂಗಾಜಿನ ಹಿಂದೆ ಕೂತು ರಸ್ತೆಯನ್ನು ಚಿತ್ರೀಕರಿಸುವ ಕ್ಯಾಮೆರಾ) ಕೊಳ್ಳಬೇಕು ಎಂದು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು, ಕ್ಯಾಮೆರಾಕ್ಕೆ ವಿದ್ಯುತ್ತನ್ನು ಎಲ್ಲಿಂದ ತೆಗೆಯಬೇಕು ಎಂಬುದು. ಕಾರಿನಲ್ಲಿ ಇರುವುದೇ ಒಂದು ಬ್ಯಾಟರಿ. ಮೋಟಾರ್‌ಹೋಮ್‌ನಲ್ಲಾದರೋ ಎಂಜಿನ್ ಚಾಲೂ ಮಾಡುವ ಬ್ಯಾಟರಿ ಬೇರೆ, ದೀಪ, ಫ್ಯಾನು, ಫ್ರಿಜ್‌ಗಳನ್ನು ನಡೆಸುವ ‘ಮನೆಯ ಬ್ಯಾಟರಿ’ ಬೇರೆ.

ಸಾಧಾರಣ ಡ್ಯಾಶ್ ಕ್ಯಾಮೆರಾ ಸುಮಾರು 4 ವ್ಯಾಟ್ ಬಳಸುತ್ತದೆ ಎಂದುಕೊಂಡರೆ, 12 ವೋಲ್ಟ್‌ನಲ್ಲಿ ದಿನಪೂರ್ತಿ ನಡೆದಾಗ 8 ಆಂಪಿಯರ್-ಅವರ್ (ಬ್ಯಾಟರಿಯ ಸಾಮರ್ಥ್ಯ ಅಳೆಯುವ ಮಾನ) ಖರ್ಚಾಗುತ್ತದೆ. ಗಾಡಿ ಮೂರು ದಿನ ಒಂದೇ ಕಡೆ ನಿಂತು, ನಿಲುಗಡೆಯ ಕಾವಲು (ಗಾಡಿ ನಿಂತಾಗಲೂ ಕ್ಯಾಮೆರಾ ಚಿತ್ರೀಕರಿಸುವ ಕ್ರಮ) ನಡೆಯುತ್ತಲೇ ಇದ್ದರೆ ಅದು 24 ಆಂಪಿಯರ್-ಅವರ್ ಆಯಿತು. ಹಳೆಯದಾದ ಎಂಜಿನ್ ಬ್ಯಾಟರಿ ಆಮೇಲೆ ಸ್ಟಾರ್ಟರ್ ತಿರುಗಿಸದೆ ಹೋದರೆ ಆಶ್ಚರ್ಯವಿಲ್ಲ. ಆದ್ದರಿಂದ ಹಾರ್ಡ್‌ವೈರ್ ಕಿಟ್‌ನ (ಕ್ಯಾಮೆರಾವನ್ನು ಗಾಡಿಯ ವಿದ್ಯುತ್ತಿಗೆ ನೇರವಾಗಿ ಜೋಡಿಸುವ ತಂತಿಗಳ ಸೆಟ್) ಸದಾ ವಿದ್ಯುತ್ತು ಬೇಡುವ ತಂತಿಯನ್ನು ಮನೆಯ ಬ್ಯಾಟರಿಗೂ, ಇಗ್ನಿಷನ್ ಗುರುತಿಸುವ ತಂತಿಯನ್ನು ಚಾಲಕನ ಬದಿಯ ಫ್ಯೂಸ್ ಪೆಟ್ಟಿಗೆಗೂ ಜೋಡಿಸುವುದು ಒಳ್ಳೆಯದು. ಎರಡೂ ತಂತಿಗಳಿಗೆ ಮೂಲದ ಹತ್ತಿರವೇ ಸಣ್ಣ ಫ್ಯೂಸ್ ಇರಲೇಬೇಕು. ಎರಡು ಬ್ಯಾಟರಿಗಳ ಋಣ ತುದಿಗಳು ಪರಸ್ಪರ ಕೂಡಿರದಿದ್ದರೆ ಈ ಜೋಡಣೆ ಕೆಲಸ ಮಾಡುವುದಿಲ್ಲವಾದ್ದರಿಂದ ಅದನ್ನು ಮೀಟರ್ ಹಿಡಿದು ನೋಡಿಯೇ ಮುಂದುವರಿಯಬೇಕು. ಬಸ್ಸಿನ ಚಾಸಿಯ ಮೇಲೆ ಕಟ್ಟಿದ ದೊಡ್ಡ ಗಾಡಿಗಳಲ್ಲಿ ಎಂಜಿನ್ ಬದಿ 24 ವೋಲ್ಟ್, ಮನೆಯ ಬದಿ 12 ವೋಲ್ಟ್ ಇರುವುದುಂಟು. ಅಲ್ಲಿ ಒಂದೇ ಕಿಟ್‌ಗೆ ಎರಡನ್ನೂ ಬೆರೆಸಿ ಕೊಡಬಾರದು.

ಮನೆಯ ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್ ಆಗಿದ್ದರೆ ಇನ್ನೊಂದು ಸೂಕ್ಷ್ಮವಿದೆ. ವೋಲ್ಟೇಜ್ ಇಳಿದಾಗ ಕ್ಯಾಮೆರಾದ ವಿದ್ಯುತ್ತನ್ನು ಕಡಿಯಲು ಕಿಟ್‌ಗಳಲ್ಲಿರುವ 12 ವೋಲ್ಟ್ ಆಸುಪಾಸಿನ ಮಟ್ಟವನ್ನು ಲೆಡ್-ಆಸಿಡ್ ಬ್ಯಾಟರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನಿಗದಿಪಡಿಸಲಾಗಿರುತ್ತದೆ. ಲಿಥಿಯಂ ಬ್ಯಾಟರಿ ಬಹುಪಾಲು ಖಾಲಿಯಾಗುವವರೆಗೂ 13 ವೋಲ್ಟ್ ಸುತ್ತಮುತ್ತಲೇ ನಿಂತಿರುವುದರಿಂದ, ಕಿಟ್ ಎಚ್ಚರಗೊಳ್ಳುವ ಹೊತ್ತಿಗೆ ಉಳಿದಿರುವುದು ತೀರಾ ಕಡಿಮೆ. ಇಂಥ ಕಡೆ ವೋಲ್ಟೇಜ್ ನಂಬದೆ, ಇಷ್ಟು ಗಂಟೆಯ ನಂತರ ನಿಲ್ಲು ಎಂಬ ಟೈಮರ್ ಇಟ್ಟುಕೊಳ್ಳುವುದು ಮೇಲು.

ಅರ್ತ್ (ಋಣ ತಂತಿಯನ್ನು ಲೋಹದ ಚಾಸಿಗೆ ಸೇರಿಸುವುದು) ವಿಷಯದಲ್ಲಿ ಕಾರಿನ ಅಭ್ಯಾಸ ಇಲ್ಲಿ ನಡೆಯದು. ಮೋಟಾರ್‌ಹೋಮ್‌ನ ಹಿಂಭಾಗ ಎಷ್ಟೋ ಸಲ ಫೈಬರ್‌ಗ್ಲಾಸ್ ಮತ್ತು ಪ್ಲೈವುಡ್‌ನದು; ಅಲ್ಲಿನ ಯಾವುದೋ ಸ್ಕ್ರೂಗೆ ಕಪ್ಪು ತಂತಿ ಸುತ್ತಿದರೆ ಅದು ಎಲ್ಲಿಗೂ ಅರ್ತ್ ಆಗುವುದಿಲ್ಲ. ಬಣ್ಣ ಕೆರೆದ ಚಾಸಿಯ ಬೋಲ್ಟ್‌ವರೆಗೆ ಪ್ರತ್ಯೇಕ ತಂತಿ ಎಳೆಯಬೇಕು. ಹಿಂದಿನ ಕ್ಯಾಮೆರಾಕ್ಕೂ, ಹಿಂಬದಿಯ ಗಾಜಿಲ್ಲದ ಗಾಡಿಗಳಲ್ಲಿ, ನೀರು ದೂಳು ತಡೆಯುವ ಹೊರಾಂಗಣ ಮಾದರಿಯೇ ಬೇಕು. ಕಾರಿಗೆಂದು ಕೊಟ್ಟ ಕೇಬಲ್ ಇಷ್ಟುದ್ದದ ಗಾಡಿಗೆ ಸಾಲದಿರಬಹುದಾದ್ದರಿಂದ ಕೊಳ್ಳುವ ಮೊದಲೇ ತಂತಿ ಸಾಗುವ ದಾರಿಯನ್ನು ಅಳೆದು ನೋಡಿ. ಮುಂಗಾಜಿನ ಪಕ್ಕದ ಕಂಬದೊಳಗೆ ಏರ್‌ಬ್ಯಾಗ್ ಇದ್ದರೆ ತಂತಿ ಅದರ ಹಿಂದಿನಿಂದ ಹೋಗಬೇಕು, ಎದುರಿಗೆ ಅಡ್ಡ ಬರಬಾರದು.

ನಮ್ಮ ಕಡೆಯ ಬಿಸಿಲನ್ನು ಮರೆತು ಕ್ಯಾಮೆರಾ ಆರಿಸುವುದು ಸಾಧ್ಯವಿಲ್ಲ. ಬಳ್ಳಾರಿ, ರಾಯಚೂರುಗಳಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಹೊರಗಿನ ಉಷ್ಣತೆಯೇ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮುಚ್ಚಿ ನಿಲ್ಲಿಸಿದ ಗಾಡಿಯ ಮುಂಗಾಜಿನ ಹಿಂದೆ 60 ಡಿಗ್ರಿಯನ್ನೂ ಮೀರಬಹುದು. ಕ್ಯಾಮೆರಾದೊಳಗೆ ಲಿಥಿಯಂ ಬ್ಯಾಟರಿ ಇದ್ದರೆ ಅದು ಈ ಕಾವಿಗೆ ಉಬ್ಬಿಕೊಳ್ಳಬಹುದು. ಬ್ಯಾಟರಿಯ ಬದಲು ಸೂಪರ್ ಕೆಪಾಸಿಟರ್ (ಸ್ವಲ್ಪ ವಿದ್ಯುತ್ತನ್ನು ಹಿಡಿದಿಡುವ, ಬಿಸಿ ತಾಳುವ ಭಾಗ) ಇರುವುದನ್ನೇ ಕೇಳಿ ಕೊಳ್ಳಿ. ಮಧ್ಯಾಹ್ನದ ಬಿಸಿಲಿನಲ್ಲಿ ನಿಂತಿರುವಾಗ ನಿಲುಗಡೆಯ ಕಾವಲನ್ನು ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಕ್ಯಾಮೆರಾವನ್ನು ವೈಪರ್ ಒರೆಸುವ ಭಾಗದ ಹಿಂದೆಯೇ ಕೂರಿಸಬೇಕು; ಸಂಡೂರಿನ ಕೆಂಪು ದೂಳು ಗಾಜಿನ ಉಳಿದ ಭಾಗವನ್ನು ಒಂದೇ ದಿನದಲ್ಲಿ ಮಬ್ಬು ಮಾಡಿಬಿಡುತ್ತದೆ.

ಹದಗೆಟ್ಟ ರಸ್ತೆಯ ತೊಂದರೆ ಬೇರೆಯದು. ಗಾಡಿ ಜೋರಾಗಿ ಕುಲುಕಿದಾಗ ಅದನ್ನು ಅಪಘಾತವೆಂದು ತಿಳಿದು, ಆ ತುಣುಕು ಅಳಿಯದಂತೆ ಕ್ಯಾಮೆರಾ ಬೀಗ ಹಾಕುತ್ತದೆ. ಅದಿರು ಲಾರಿಗಳು ಓಡಾಡುವ ದಾರಿಯ ಗುಂಡಿಗಳಲ್ಲಿ, ಊರೂರಿನ ಉಬ್ಬುಗಳಲ್ಲಿ ಹೀಗೆ ಬೀಗ ಬಿದ್ದ ತುಣುಕುಗಳೇ ಮೆಮೊರಿ ಕಾರ್ಡಿನ ಜಾಗ ತಿಂದು, ಕೆಲವು ಮಾದರಿಗಳಲ್ಲಿ ಹೊಸ ಚಿತ್ರೀಕರಣಕ್ಕೇ ಎಡೆಯಿಲ್ಲದಂತಾಗುತ್ತದೆ. ಭಾರವಾದ ಗಾಡಿಯಲ್ಲಿ ಈ ಸಂವೇದನೆಯನ್ನು ಕಡಿಮೆ ಮಟ್ಟದಲ್ಲಿಡಬೇಕು. ಒಂದು ಕ್ಯಾಮೆರಾ ಸೆಕೆಂಡಿಗೆ 15 ಮೆಗಾಬಿಟ್ ದರದಲ್ಲಿ ಚಿತ್ರೀಕರಿಸಿದರೆ ಗಂಟೆಗೆ ಸುಮಾರು 7 ಜಿಬಿ ಬೇಕು. ಮುಂದೆ ಹಿಂದೆ ಎರಡೂ ಸೇರಿದರೆ 128 ಜಿಬಿ ಕಾರ್ಡ್ ಸುಮಾರು ಒಂಬತ್ತು ಗಂಟೆಯಲ್ಲಿ ತುಂಬಿ, ಹಳೆಯದು ಅಳಿಯತೊಡಗುತ್ತದೆ. ಸತತ ಬರವಣಿಗೆ ತಾಳುವ ಹೈ ಎಂಡ್ಯೂರೆನ್ಸ್ ಕಾರ್ಡನ್ನೇ ಹಾಕಿ. ಒಳಗೆ ಜನ ಮಲಗುವ, ಮಾತಾಡುವ ಜಾಗವಿರುವುದರಿಂದ ಗಾಡಿ ನಿಂತಾಗ ಮೈಕ್ ಆಫ್ ಮಾಡಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಪಘಾತವಾದರೆ, ಗಾಯಾಳುಗಳನ್ನು ನೋಡಿಕೊಂಡ ಮೇಲೆ, ಕ್ಯಾಮೆರಾ ಆಫ್ ಮಾಡಿ ಕಾರ್ಡ್ ಹೊರತೆಗೆಯಿರಿ. ತುಣುಕನ್ನು ಕತ್ತರಿಸಬೇಡಿ, ವಾಟ್ಸ್ಯಾಪ್‌ನಲ್ಲಿ ಕಳಿಸಿದ್ದು ಕುಗ್ಗಿದ ಪ್ರತಿಯೇ ಹೊರತು ಮೂಲವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ನ್ಯಾಯಾಲಯಕ್ಕೆ ವಿಡಿಯೊ ಪ್ರತಿ ಸಲ್ಲಿಸುವಾಗ ಪ್ರಮಾಣಪತ್ರ ಬೇಕು. ಅದರ ನಮೂನೆಯಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲವೆಂದು ತೋರಿಸುವ ಸಂಕೇತ) ತಜ್ಞರ ಸಹಿಯನ್ನೂ ಕೇಳಲಾಗಿದೆ. ಹಾಗಾಗಿ ಮೂಲ ಕಾರ್ಡನ್ನು ಲಕೋಟೆಯಲ್ಲಿ ತೆಗೆದಿಟ್ಟು, ಮುಂದಿನ ಪ್ರಯಾಣಕ್ಕೆ ಬೇರೆ ಕಾರ್ಡ್ ಹಾಕಿಕೊಳ್ಳಿ.