ಬಾಣ ಬಳುಕಿಕೊಂಡೇ ಹೋಗುತ್ತದೆ

ಪುಣೆಯಲ್ಲಿ ಬಿಲ್ಲುವಿದ್ಯೆ ಕಲಿಯಲು ಹೊರಟು ನಾಲ್ಕು ತಿಂಗಳಾದ ಮೇಲೆ, ಆಷಾಢದ ಒಂದು ಬೆಳಿಗ್ಗೆ, ನಾನು ಬಿಟ್ಟ ಮೂರು ಬಾಣಗಳೂ ಗುರಿಯಿಂದ ಒಂದು ಗೇಣು ಎಡಕ್ಕೆ ಒತ್ತೊತ್ತಾಗಿ ನಾಟಿದವು. ಕೈಯದೇ ತಪ್ಪಾಗಿದ್ದರೆ ಬಾಣಗಳು ಚದುರಿ ಬೀಳಬೇಕಿತ್ತು. ಮೈದಾನದಲ್ಲಿ ಹೆದೆಗೆ ‘ದೋರಿ’ ಎನ್ನುವ ನಮ್ಮ ಮರಾಠಿ ಗುರುಗಳು ನನ್ನ ಕೈಯನ್ನು ನೋಡದೆ ಬಾಣದ ಕಡ್ಡಿಯನ್ನು ಬಗ್ಗಿಸಿ ನೋಡಿ, ಇದು ಈಗ ನಿಮ್ಮ ಬಿಲ್ಲಿಗೆ ಬಿರುಸಾಯಿತು, ಸಾಕಷ್ಟು ಬಾಗದು ಎಂದರು.

ಬಾಣಕ್ಕೂ ಬಿರುಸು, ಮೆದು ಎಂಬುದಿದೆಯೆ? ಸಾಂಪ್ರದಾಯಿಕ ಬಿಲ್ಲಿನ ನಡುವೆ ಬಾಣ ಹಾಯಲು ದಾರಿಯಿರುವುದಿಲ್ಲ; ಅದು ಹಿಡಿಯ ಪಕ್ಕಕ್ಕೆ ಒರಗಿರುತ್ತದೆ, ಆದರೆ ಬಿಟ್ಟ ಹೆದೆ ಧಾವಿಸುವುದು ಹಿಡಿಯ ನಡುಮಧ್ಯಕ್ಕೆ. ಹಾಗಾದರೆ ಬಾಣದ ಬಾಲ ಹಿಡಿಗೆ ಬಡಿದು, ಮೊನೆ ಪಕ್ಕಕ್ಕೆ ತಿರುಗಬೇಕು. ಹಾಗಾಗುವುದಿಲ್ಲ. 20ನೇ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಬಿಲ್ಲುಗಾರ ರಾಬರ್ಟ್ ಎಲ್ಮರ್ ಇದನ್ನು ಬಿಲ್ಲುಗಾರನ ವಿರೋಧಾಭಾಸವೆಂದು ಕರೆದರು. 1930ರ ದಶಕದಲ್ಲಿ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಛಾಯಾಗ್ರಹಣದಿಂದ ಅದರ ಗುಟ್ಟನ್ನು ಹಿಡಿದರು. ಹೆದೆ ಹಿಂದಿನಿಂದ ನೂಕುವಾಗ ಮೊನೆಯ ಜಡತ್ವ ಮುಂದಿನಿಂದ ತಡೆಯುವುದರಿಂದ ಕಡ್ಡಿ ನಡುವೆ ಬಾಗುತ್ತದೆ: ಮೊದಲು ಬಿಲ್ಲಿನ ಕಡೆಗೆ, ಮರುಕ್ಷಣ ಹೊರಕ್ಕೆ, ಮತ್ತೆ ಒಳಕ್ಕೆ, ಅಷ್ಟರಲ್ಲಿ ಬಾಲ ಹೊರಚಿಮ್ಮಿ ಹಿಡಿಯನ್ನು ಸೋಕದೆ ದಾಟಿರುತ್ತದೆ. ಬಾಣ ನೆಟ್ಟಗೆ ಹೋಗುವುದು ಬಳುಕುವುದರಿಂದಲೇ. ಬಲಗೈಯ ಮೂರು ಬೆರಳಿನಿಂದ ಸೆಳೆಯುವವನ ಬಾಣ ಬಿರುಸಾದರೆ ಎಡಕ್ಕೂ, ತೀರ ಮೆದುವಾದರೆ ಬಲಕ್ಕೂ ಜಾರುತ್ತದೆ. ಹೆಬ್ಬೆರಳಿನಿಂದ ಸೆಳೆಯುವ ಏಷ್ಯಾದ ಪದ್ಧತಿಯಲ್ಲಿ ಬಾಣ ಬಿಲ್ಲಿನ ಇನ್ನೊಂದು ಮಗ್ಗುಲಿಗಿರುವುದರಿಂದ ಇದೆಲ್ಲ ತಿರುವುಮುರುವು. ಏಕಲವ್ಯ ಕಳೆದುಕೊಂಡದ್ದು ಹೆಬ್ಬೆರಳೇ ಎಂಬುದನ್ನು ಇಲ್ಲಿ ನೆನೆಯಬಹುದು.

ಕಲಿಕೆಯ ಮೊದಲ ತಿಂಗಳುಗಳು ಮಾತ್ರ ಸೆಳೆದ ಕೈಯನ್ನು ಪ್ರತಿ ಸಲವೂ ಬಾಯಿಯ ಅದೇ ಮೂಲೆಗೆ ತರುವುದರಲ್ಲಿಯೇ ಕಳೆಯುತ್ತವೆ. ಬೇಸರದ ಕೆಲಸವೆಂದು ನಾನೂ ಗೊಣಗಿದ್ದೆ, ಲೆಕ್ಕ ಹಾಕಿದ ಮೇಲೆ ಸುಮ್ಮನಾದೆ. 40 ಪೌಂಡಿನ, ಅಂದರೆ ಪೂರ್ತಿ ಸೆಳೆದಾಗ 18 ಕಿಲೋ ಭಾರ ಎತ್ತಿದಷ್ಟು ಜಗ್ಗುವ ಬಿಲ್ಲಿನಲ್ಲಿ ಹೆದೆ ಸುಮಾರು 53 ಸೆಂ.ಮೀ. ಹಿಂದೆ ಬಂದರೆ 47 ಜೂಲ್ ಶಕ್ತಿ ತುಂಬಿಕೊಳ್ಳುತ್ತದೆ; ಅದರಲ್ಲಿ ಹತ್ತಕ್ಕೆ ಏಳು ಪಾಲು ಬಾಣಕ್ಕೆ ದಕ್ಕಿತೆಂದು ಹಿಡಿದರೆ 26 ಗ್ರಾಮಿನ ಬಾಣ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಹೊರಡುತ್ತದೆ. 20 ಮೀಟರ್ ಕ್ರಮಿಸುವ 0.4 ಸೆಕೆಂಡಿನಲ್ಲಿ ಗುರುತ್ವವು ಅದನ್ನು 78 ಸೆಂ.ಮೀ. ಕೆಳಕ್ಕೆ ಎಳೆದಿರುತ್ತದೆ. ಒಂದೇ ಒಂದು ಅಂಗುಲ ಕಡಿಮೆ ಸೆಳೆದರೆ ಇನ್ನೂ 8 ಸೆಂ.ಮೀ. ಕೆಳಗೆ! ಆದ್ದರಿಂದಲೇ ಹೊಸಬರಿಗೆ 20 ಪೌಂಡಿನ ಆಸುಪಾಸಿನ ಹಗುರ ಬಿಲ್ಲು ಕೊಡುತ್ತಾರೆ. ಭಾರದ ಬಿಲ್ಲು ಹಿಡಿದು ನಡುಗುವ ತೋಳು ಬಾಯಿಯ ಮೂಲೆಯನ್ನು ತಲುಪುವ ಮೊದಲೇ ಸೋಲುತ್ತದೆ. ನಿಜವಾಗಿ ದುಡಿಯಬೇಕಾದದ್ದು ತೋಳಲ್ಲ, ಹೆಗಲಮೂಳೆಗಳನ್ನು ಒಂದಕ್ಕೊಂದು ಹತ್ತಿರ ತರುವ ಬೆನ್ನಿನ ಸ್ನಾಯುಗಳು.

ಬಾಣವಿಲ್ಲದೆ ಹೆದೆಯನ್ನು ಪೂರ್ತಿ ಸೆಳೆದು ಬಿಡುವುದು ಎಲ್ಲ ಬಿಲ್ಲುಗಾರರಿಗೂ ನಿಷಿದ್ಧ. ಬಾಣ ಒಯ್ಯಬೇಕಿದ್ದ ಶಕ್ತಿ ಬಿಲ್ಲಿನೊಳಗೇ ಉಳಿದು ಅದನ್ನು ಸೀಳಬಲ್ಲದು. ಪುರಾಣದ ವೀರರು ಟಂಕಾರಗೈದದ್ದು ಹೆದೆಯನ್ನು ಮೀಟಿ ಇರಬೇಕು, ಹೀಗೆ ಸೆಳೆದು ಬಿಟ್ಟು ಅಲ್ಲ.

ಇನ್ನು ಆ ಬೆಳಗಿನ ಸಂಗತಿ. ಇದೇ ಪುಣೆಯ ಸೇನಾ ಕ್ರೀಡಾ ಸಂಸ್ಥೆಯ ಬಿಲ್ಲುಗಾರರು ಬಳಸುವ ಲೋಹ, ಕಾರ್ಬನ್‌ಗಳ ಬಿಲ್ಲಿಗೆ ಮಳೆಗಾಲವೂ ಒಂದೇ, ಬೇಸಿಗೆಯೂ ಒಂದೇ. ನನ್ನದು ಬಿದಿರು. ಸಹ್ಯಾದ್ರಿ ದಾಟಿ ಬರುವ ತೇವವನ್ನು ಹೀರಿ ಅದು ಮೆತ್ತಗಾಗಿತ್ತು, ಮೆರುಗೆಣ್ಣೆ ಬಳಿದ ಬಾಣಗಳು ಬೇಸಿಗೆಯಲ್ಲಿದ್ದಂತೆಯೇ ಇದ್ದವು. ಬಿಲ್ಲಿನ ನೂಕು ತಗ್ಗಿದ್ದರಿಂದ ಬಾಗಬೇಕಾದಷ್ಟು ಬಾಗದೆ ಎಡಕ್ಕೆ ಸರಿದಿದ್ದವು. ಗುರುಗಳು ಅದೇ ಕಡ್ಡಿಗಳಿಗೆ ಸ್ವಲ್ಪ ಭಾರದ ಮೊನೆ ಸಿಕ್ಕಿಸಿಕೊಟ್ಟರು. ಮುಂದಿನ ಮೂರೂ ನಡುವಿಗೆ ಬಂದವು, ಎರಡು ಬೆರಳು ಕೆಳಗೆ.