ಪಿಷ್ಟವಲ್ಲದ್ದಕ್ಕೆ ಪಿಷ್ಟದ ಹೆಸರು

ಅಮೈಲಾಯ್ಡ್ ಅಂದರೆ 'ಪಿಷ್ಟದಂಥದ್ದು'. ಆದರೆ ಅದು ಪಿಷ್ಟವಲ್ಲ, ಅಂಗಾಂಗಗಳಲ್ಲಿ ಶೇಖರವಾಗುವ ಪ್ರೋಟೀನ್. ಆಲ್ಜೈಮರ್ಸ್ ಕಾಯಿಲೆಯ ಮಾತು ಬಂದಾಗಲೆಲ್ಲ ಕೇಳಿಬರುವ ಈ ಪದಕ್ಕೆ ಇಂಥ ತಪ್ಪು ಹೆಸರು ಬಂದಿದ್ದು ಹೇಗೆ?

1854ರಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ ಮಿದುಳಿನಲ್ಲಿ ಕಂಡ ಪುಟ್ಟ ಉಂಡೆಗಳಿಗೆ ಅಯೋಡಿನ್ ಹಾಕಿ ನೋಡಿದರು. ತಿಳಿ ನೀಲಿ ಬಣ್ಣ ಬಂತು. ಗಂಧಕಾಮ್ಲ ಸೇರಿಸಿದಾಗ ಅದು ನೇರಳೆಗೆ ತಿರುಗಿತು. ಅಯೋಡಿನ್ ತಗುಲಿದರೆ ನೀಲಿಯಾಗುವುದು ಪಿಷ್ಟದ ಗುಣ. ಲ್ಯಾಟಿನ್‌ನಲ್ಲಿ ಪಿಷ್ಟಕ್ಕೆ ಅಮೈಲಮ್ ಎನ್ನುತ್ತಾರೆ. ಹೆಸರು ಹುಟ್ಟಿದ್ದು ಹಾಗೆ. ಐದೇ ವರ್ಷದಲ್ಲಿ, 1859ರಲ್ಲಿ, ಫ್ರೀಡ್ರೈಶ್ ಮತ್ತು ಕೆಕುಲೆ ಇದೇ ಹೆಸರಿನ ವಸ್ತು ತುಂಬಿದ್ದ ಗುಲ್ಮವೊಂದನ್ನು (ಸ್ಪ್ಲೀನ್) ಪರೀಕ್ಷಿಸಿದರು. ಪಿಷ್ಟ ಸಿಗಲಿಲ್ಲ, ನೈಟ್ರೋಜನ್ ಜಾಸ್ತಿ ಸಿಕ್ಕಿತು. ಅಂದರೆ ಇದು ಪ್ರೋಟೀನ್ ಜಾತಿಯದ್ದು. ತಪ್ಪು ಗೊತ್ತಾಯಿತು, ಹೆಸರು ಮಾತ್ರ ಉಳಿದುಕೊಂಡಿತು. ತಮಾಷೆ ಎಂದರೆ, ವಿರ್ಕೋ ನೋಡಿದ ಆ ಮಿದುಳಿನ ಉಂಡೆಗಳಲ್ಲಿ ನಿಜಕ್ಕೂ ಸಕ್ಕರೆಯ ಸರಪಳಿಗಳೇ ಜಾಸ್ತಿ. ಹೆಸರಿಗೆ ಕಾರಣವಾದ ಉಂಡೆಗಳನ್ನು ಇವತ್ತು ಯಾರೂ ಅಮೈಲಾಯ್ಡ್ ಅನ್ನುವುದಿಲ್ಲ!

ಮುಂದೆ ನೆರವಿಗೆ ಬಂದಿದ್ದು ಕಾಂಗೋ ರೆಡ್ ಎಂಬ ಬಟ್ಟೆಯ ಬಣ್ಣ. 1922ರಲ್ಲಿ ಬೆನ್‌ಹೋಲ್ಡ್ ಅದು ಅಮೈಲಾಯ್ಡ್‌ಗೆ ಅಂಟುವುದನ್ನು ಕಂಡರು. ಧ್ರುವೀಕೃತ ಬೆಳಕಿನಲ್ಲಿ ನೋಡಿದರೆ ಆ ಕೆಂಪು ಹಸಿರಾಗಿ ಹೊಳೆಯುತ್ತದೆ. ಒಳಗೆ ಏನೋ ಸಾಲಾಗಿ ಜೋಡಿಸಿಕೊಂಡಿದ್ದರೆ ಮಾತ್ರ ಹೀಗಾಗುತ್ತದೆ. 1959ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಿದ್ದು ಸಣ್ಣ ಸಣ್ಣ ಎಳೆಗಳು. 1968ರಲ್ಲಿ ಈನ್ಸ್ ಮತ್ತು ಗ್ಲೆನ್ನರ್ ಎಕ್ಸ್-ರೇ ಹಾಯಿಸಿ ಒಳಗಿನ ಕಟ್ಟಡವನ್ನು ತಿಳಿದರು. ಪ್ರೋಟೀನಿನ ಚಾಚಿದ ತುಂಡುಗಳು ಏಣಿಯ ಮೆಟ್ಟಿಲುಗಳ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಎರಡು ಮೆಟ್ಟಿಲುಗಳ ನಡುವೆ ಸುಮಾರು 0.47 ನ್ಯಾನೋಮೀಟರ್ ಅಂತರ. ಪ್ರೋಟೀನ್ ಯಾವುದೇ ಇರಲಿ, ಅಮೈಲಾಯ್ಡ್ ಆದ ಮೇಲೆ ಈ ಅಳತೆ ಹೆಚ್ಚುಕಡಿಮೆ ಒಂದೇ.

ಆದರೆ ಇದನ್ನು ನೋಡುತ್ತಿದ್ದವರು ರೋಗತಜ್ಞರು. ಪ್ರೋಟೀನ್ ಹೇಗೆ ಮಡಚಿಕೊಳ್ಳುತ್ತದೆ ಎಂದು ತಲೆಕೆಡಿಸಿಕೊಂಡವರು ಬೇರೆಯೇ ಜನ. ಅವರ ನಾಯಕ ಕ್ರಿಶ್ಚಿಯನ್ ಆನ್ಫಿನ್ಸನ್. ಪ್ರೋಟೀನಿನ ಸರಪಳಿಯ ಮಣಿಗಳೇ ಅಮೈನೋ ಆಮ್ಲಗಳು. ಅಂಥ 124 ಮಣಿಗಳ ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವವನ್ನು ಅವರು ಪೂರ್ತಿ ಬಿಚ್ಚಿಹಾಕಿದರು. ಬಿಚ್ಚಿಸಿದ ರಾಸಾಯನಿಕಗಳನ್ನು ತೆಗೆದಾಗ ಅದು ತಾನೇ ಮತ್ತೆ ಮಡಚಿಕೊಂಡು ಕೆಲಸ ಶುರುಮಾಡಿತು. ಆಕಾರದ ಗುಟ್ಟು ಅಮೈನೋ ಆಮ್ಲಗಳ ಸಾಲಿನಲ್ಲೇ ಇದೆ ಎಂದಾಯಿತು. 1972ರಲ್ಲಿ ನೊಬೆಲ್ ಬಂತು. ಸೊಗಸಾದ ಚಿತ್ರ ಅಲ್ವಾ? ಅದರಲ್ಲಿ ಅಮೈಲಾಯ್ಡ್‌ಗೆ ಜಾಗವೇ ಇರಲಿಲ್ಲ. ಅದು ಕೆಲವು ಕೆಟ್ಟ ಪ್ರೋಟೀನುಗಳ ಪಾಡು, ಅಷ್ಟೇ ಎಂದುಕೊಂಡರು.

ಈ ನಂಬಿಕೆಗೆ ಪೆಟ್ಟು ಬಿದ್ದಿದ್ದು 1998ರಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಕ್ರಿಸ್ಟೋಫರ್ ಡಾಬ್ಸನ್ ಅವರ ತಂಡ ಎಸ್‌ಎಚ್3 ಎಂಬ ಪುಟ್ಟ ಪ್ರೋಟೀನ್ ತುಣುಕನ್ನು ಆಮ್ಲೀಯ ದ್ರಾವಣದಲ್ಲಿ ಇಟ್ಟಿತ್ತು. ಯಾವ ಕಾಯಿಲೆಗೂ ನಂಟಿಲ್ಲದ ಪಾಪದ ಪ್ರೋಟೀನ್ ಅದು. ದ್ರಾವಣ ನಿಧಾನಕ್ಕೆ ಲೋಳೆಯಂತೆ ಗಟ್ಟಿಯಾಯಿತು. ನೋಡಿದರೆ ಅದರ ತುಂಬಾ ಅಮೈಲಾಯ್ಡ್ ಎಳೆಗಳು! 2001ರಲ್ಲಿ ಸ್ನಾಯುಗಳಲ್ಲಿರುವ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಕೂಡ ಎಳೆ ಕಟ್ಟಿತು. ಮಯೋಗ್ಲೋಬಿನ್‌ನಲ್ಲಿರುವುದು ಬರೀ ಸುರುಳಿಗಳು, ಚಾಚಿದ ತುಂಡುಗಳು ಇಲ್ಲವೇ ಇಲ್ಲ. ಅಂಥದ್ದೂ ಎಳೆಯಾಗುತ್ತದೆ ಎಂದರೆ? ಎಳೆಗಳನ್ನು ಹಿಡಿದಿಡುವುದು ಎಲ್ಲ ಪ್ರೋಟೀನುಗಳಿಗೂ ಒಂದೇ ಬಗೆಯಲ್ಲಿರುವ ಮೂಲ ಸರಪಳಿಯ, ಅಂದರೆ ಬೆನ್ನೆಲುಬಿನ, ಹೈಡ್ರೋಜನ್ ಬಂಧಗಳು. ಹಾಗಾಗಿ ತಕ್ಕ ಸನ್ನಿವೇಶ ಸಿಕ್ಕರೆ ಹೆಚ್ಚಿನ ಪ್ರೋಟೀನುಗಳು ಈ ದಾರಿ ಹಿಡಿಯಬಲ್ಲವು. ನನ್ನ ಮಟ್ಟಿಗೆ ಇಡೀ ಕಥೆಯ ತಿರುವು ಇದೇ. 'ಕೆಲವು ಪ್ರೋಟೀನುಗಳು ಯಾಕೆ ಕೆಡುತ್ತವೆ' ಎಂಬ ಪ್ರಶ್ನೆ ತಲೆಕೆಳಗಾಯಿತು. ಉಳಿದವು ಕೆಡದೆ ಇರುವುದು ಹೇಗೆ?

ಅದೇ ಹೊತ್ತಿಗೆ ಇನ್ನೊಂದು ನಂಬಿಕೆಯೂ ಅಲುಗಾಡಿತು. ಪ್ರೋಟೀನ್ ಕೆಲಸ ಮಾಡಬೇಕಾದರೆ ಅದಕ್ಕೆ ಗಟ್ಟಿ ಆಕಾರ ಬೇಕೇಬೇಕು ಎನ್ನುವುದು ಹಳೆಯ ಪಾಠ. 1999ರಲ್ಲಿ ಪೀಟರ್ ರೈಟ್ ಮತ್ತು ಜೇನ್ ಡೈಸನ್ ಇದನ್ನು ಮತ್ತೆ ಯೋಚಿಸಬೇಕು ಎಂದು ಬರೆದರು. ಎಷ್ಟೋ ಪ್ರೋಟೀನುಗಳು ಸಡಿಲ ದಾರದ ಹಾಗೆ ಓಲಾಡುತ್ತಲೇ ಇರುತ್ತವೆ, ಕೆಲಸವನ್ನೂ ಮಾಡುತ್ತವೆ. ಮೊದಲೇ ಯಾಕೆ ಕಾಣಲಿಲ್ಲ? ಸ್ಫಟಿಕ ಮಾಡಿ ಎಕ್ಸ್-ರೇ ಹಾಯಿಸುವ ವಿಧಾನಕ್ಕೆ ಓಲಾಡುವುದು ಸಿಕ್ಕುವುದಿಲ್ಲ. ಸಿಗದಿದ್ದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

140 ಅಮೈನೋ ಆಮ್ಲಗಳ ಆಲ್ಫಾ-ಸೈನ್ಯೂಕ್ಲೀನ್ ಇಂಥದ್ದೇ. ಪಾರ್ಕಿನ್‌ಸನ್ಸ್ ರೋಗಿಗಳ ನರಕೋಶಗಳಲ್ಲಿ ಸಿಗುವ ಲೂವಿ ಕಾಯಗಳೆಂಬ ಉಂಡೆಗಳಲ್ಲಿ ತುಂಬಿರುವುದು ಇದೇ ಎಂದು 1997ರಲ್ಲಿ ತಿಳಿಯಿತು. ಆಲ್ಜೈಮರ್ಸ್‌ನಲ್ಲಿ ಗಂಟುಕಟ್ಟುವ ಟೌ ಪ್ರೋಟೀನ್ ಕೂಡ ಸಡಿಲವೇ. ಆಕಾರವಿಲ್ಲದವು ಕಾಯಿಲೆಯಲ್ಲಿ ಅತಿ ಬಿಗಿಯಾದ ಆಕಾರ ತಳೆಯುತ್ತವೆ.

2017ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಆಲ್ಜೈಮರ್ಸ್ ರೋಗಿಯ ಮಿದುಳಿನಿಂದ ತೆಗೆದ ಟೌ ಎಳೆಗಳ ವಿವರವಾದ ರಚನೆಯನ್ನು ಕಂಡರು. ಮಾದರಿಯನ್ನು ಹೆಪ್ಪುಗಟ್ಟಿಸಿ ಎಲೆಕ್ಟ್ರಾನುಗಳಿಂದ ನೋಡುವ ಕ್ರಯೋ-ಇಎಂ ವಿಧಾನ ಅವರ ಕೈಯಲ್ಲಿತ್ತು. ಮರುವರ್ಷ ಪಿಕ್ಸ್ ಎಂಬ ಇನ್ನೊಂದು ಮಿದುಳಿನ ಕಾಯಿಲೆಯ ಟೌ ಎಳೆಗಳನ್ನು ನೋಡಿದರು. ಪ್ರೋಟೀನ್ ಅದೇ, ಮಡಿಕೆ ಬೇರೆ. ಆಮೇಲೆ ಪ್ರಯೋಗಾಲಯದಲ್ಲಿ ಹೆಪಾರಿನ್ ಎಂಬ ವಸ್ತು ಸೇರಿಸಿ ಬೆಳೆಸುವ ಟೌ ಎಳೆಗಳ ಸರದಿ. ವರ್ಷಗಟ್ಟಲೆ ಸಂಶೋಧಕರು ಮಿದುಳಿನ ಎಳೆಗಳ ಬದಲಿಗೆ ಇವುಗಳನ್ನೇ ಬಳಸುತ್ತಿದ್ದರು. 2019ರಲ್ಲಿ ಹೋಲಿಸಿ ನೋಡಿದಾಗ ಅವು ಈ ಎರಡೂ ಕಾಯಿಲೆಗಳ ಎಳೆಗಳಿಗೆ ಹೊಂದಲಿಲ್ಲ.