ಕೇಸ್ ಹಾಕಿದರೆ ದೇಶಪ್ರೇಮ ಕಮ್ಮಿಯಾಗುತ್ತಾ?

ಪ್ರಶ್ನೆ: ನಾನು ಬೈಲಹೊಂಗಲ ಕಡೆಯವ. ಮರಾಠಾ ಲೈಟ್ ಇನ್ಫೆಂಟ್ರಿಯಲ್ಲಿ ಹವಾಲ್ದಾರ್ ಆಗಿದ್ದು ನಿವೃತ್ತನಾದೆ. ಮೊಮ್ಮಗಳು ಕಿತ್ತೂರಿನ ಸೈನಿಕ ಶಾಲೆಯಲ್ಲಿ ಓದುತ್ತಾಳೆ. 'ಕಾನೂನು ಭೇದ ಮಾಡಿದರೆ ಸರ್ಕಾರದ ಮೇಲೆ ಕೇಸ್ ಹಾಕಬೇಕು ಅಜ್ಜಾ' ಅಂತಾಳೆ. ದೇಶದ ಮೇಲೆ ಪ್ರೀತಿ ಇರುವವರು ದೇಶದ ಕಾನೂನನ್ನೇ ವಿರೋಧಿಸ್ತಾರೇನ್ರೀ?

ಉತ್ತರ: ವಿರೋಧಿಸ್ತಾರೆ, ಹವಾಲ್ದಾರ್ ಸಾಹೇಬ್ರೇ. ದೂರ ಯಾಕೆ, ಮೊಮ್ಮಗಳ ಶಾಲೆಯನ್ನೇ ನೋಡಿ.

ಕಿತ್ತೂರಿನಲ್ಲಿ ಹೆಣ್ಣುಮಕ್ಕಳ ಸೈನಿಕ ಶಾಲೆ ಶುರುವಾಗಿದ್ದು 1969ರಲ್ಲಿ. ಯೂನಿಫಾರ್ಮು, ಬೂಟು, ಪರೇಡು ಎಲ್ಲ ಇತ್ತು. ಆದರೆ ವಿಜಯಪುರ ಸೈನಿಕ ಶಾಲೆಯ ಹುಡುಗ ಹನ್ನೆರಡನೇ ಕ್ಲಾಸಿನಲ್ಲಿ ಎನ್‌ಡಿಎ, ಅಂದರೆ ಸೇನಾ ಆಫೀಸರ್‌ಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆಗೆ ಕೂರುತ್ತಿದ್ದ, ಕಿತ್ತೂರಿನ ಹುಡುಗಿ ಕೂರುವಂತಿರಲಿಲ್ಲ. ಪರೀಕ್ಷೆ ಅವಿವಾಹಿತ ಗಂಡುಮಕ್ಕಳಿಗಷ್ಟೇ ಎಂದು ನೋಟಿಸಿನಲ್ಲೇ ಬರೆದಿರುತ್ತಿತ್ತು. ಐವತ್ತು ವರ್ಷ ಹುಡುಗಿಯರಿಗೆ ಲೆಫ್ಟ್-ರೈಟ್ ಕಲಿಸಿದೆವು, ಗೇಟಿಗೆ ಬೀಗ ಹಾಕಿಕೊಂಡು.

ಈ ಬೀಗಕ್ಕೆ ಕಾನೂನಿನ ಆಸರೆಯೂ ಇದೆ. 1950ರ ಸೇನಾ ಕಾಯ್ದೆಯ 12ನೇ ಕಲಂ ಪ್ರಕಾರ ಕೇಂದ್ರ ಸರ್ಕಾರ ಯಾವ ವಿಭಾಗಕ್ಕೆ ಅಧಿಸೂಚನೆ ಹೊರಡಿಸುತ್ತದೋ ಅಲ್ಲಿಗೆ ಮಾತ್ರ ಹೆಂಗಸರು ಸೇರಬಹುದು. 1992ರಿಂದ ಕೆಲವು ವಿಭಾಗಗಳಲ್ಲಿ ಆಫೀಸರ್ ಆಗಿ ತಗೊಂಡರು, ಅದೂ ಕೆಲವೇ ವರ್ಷದ ಮಟ್ಟಿಗೆ. ಗಂಡಸರ ಹಾಗೆ ನಮಗೂ ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿ ವಯಸ್ಸಿನವರೆಗೆ ಆಫೀಸರ್ ಹುದ್ದೆ ಕೊಡಿ ಎಂದು ಅವರು ಕೋರ್ಟಿಗೆ ಹೋದರು. ಆಗ ಸರ್ಕಾರ ಕೊಟ್ಟ ಕಾರಣಗಳಲ್ಲಿ ಒಂದನ್ನು ನೀವು ಕೇಳಲೇಬೇಕು. ಜವಾನರಲ್ಲಿ ಹೆಚ್ಚಿನವರು ಹಳ್ಳಿಯಿಂದ ಬಂದ ಗಂಡಸರು, ಹೆಂಗಸಿನ ಹುಕುಂ ಪಾಲಿಸಲು ಅವರ ಮನಸ್ಸು ಇನ್ನೂ ತಯಾರಿಲ್ಲವಂತೆ. ನಿಮ್ಮನ್ನೇ ನೆಪ ಮಾಡಿದ್ದರು ನೋಡಿ! ಅದೂ ಚನ್ನಮ್ಮನ ಸೀಮೆಯವರನ್ನು. 2020ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟ್ ಈ ವಾದವನ್ನು ತಳ್ಳಿಹಾಕಿತು.

ಮರುವರ್ಷ ಎನ್‌ಡಿಎ ಸರದಿ, ಅದರ ಮೇಲೂ ಕೇಸ್ ಬಿತ್ತು. 2022ರಿಂದ ಹುಡುಗಿಯರನ್ನು ಪರೀಕ್ಷೆಗೆ ಕೂರಿಸ್ತೀವಿ ಎಂದಿತು ಸರ್ಕಾರ. ಬೇಡ, ಈ ನವೆಂಬರಿನಿಂದಲೇ ಕೂರಿಸಿ ಎಂದಿತು ಕೋರ್ಟ್. ಹಾಗೆ ಒಳಗೆ ಬಂದವರಲ್ಲಿ 17 ಯುವತಿಯರು 2025ರ ಮೇ 30ರಂದು ಎನ್‌ಡಿಎ ಇರುವ ಖಡಕ್‌ವಾಸ್ಲಾದಲ್ಲಿ ಪಾಸಿಂಗ್ ಔಟ್ ಪರೇಡ್ ಮಾಡಿದರು.

ಕೋರ್ಟಿಗೆ ಹೋದವರು ಕೇಳಿದ್ದಾದರೂ ಏನು? ಸೈಟು ಕೇಳಲಿಲ್ಲ, ಪರಿಹಾರ ಕೇಳಲಿಲ್ಲ. ಗಡಿಯ ಚಳಿ, ಊರೂರಿಗೆ ವರ್ಗಾವಣೆ, ಗುಂಡಿಗೆ ಎದೆ ಕೊಡುವ ಕೆಲಸ ಕೇಳಿದರು. ದೇಶ ಬೇಡವಾದವರು ಇದನ್ನು ಕೇಳ್ತಾರಾ?

ಇನ್ನು ವಿರೋಧಿಸುವ ಹಕ್ಕಿನ ಮಾತು. ಮೂಲಭೂತ ಹಕ್ಕಿಗೆ ಅಡ್ಡ ಬರುವ ಕಾನೂನು, ಅಡ್ಡ ಬರುವಷ್ಟರ ಮಟ್ಟಿಗೆ ಊರ್ಜಿತವಲ್ಲ ಅಂತ ಸಂವಿಧಾನದ 13ನೇ ವಿಧಿಯೇ ಹೇಳುತ್ತದೆ. ಕಾನೂನು ಮಾಡುವವರೂ ತಪ್ಪು ಮಾಡಬಹುದು ಅಂತ ಬರೆದವರಿಗೆ ಮೊದಲೇ ಗೊತ್ತಿತ್ತು. ಯಾಕೆ ಗೊತ್ತಿರಲ್ಲ? ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದಿಟ್ಟ, ಬ್ರಿಟಿಷರು 1871ರಲ್ಲಿ ಶುರುಮಾಡಿದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯನ್ನು ಅವರು ಕಣ್ಣಾರೆ ಕಂಡಿದ್ದರು. ಆ ಕಾಯ್ದೆಯಡಿ ನಮ್ಮ ವಿಜಯಪುರದಲ್ಲೇ ಸೆಟ್ಲ್‌ಮೆಂಟ್ ಇತ್ತು. ಸಂಸಾರ ಸಮೇತ ಜನರನ್ನು ಅದರೊಳಗೆ ಇಟ್ಟು, ಹಾಜರಿ ತೆಗೆದುಕೊಳ್ಳುತ್ತಿದ್ದರು. ದೇಶಾದ್ಯಂತ ಆ ಕಾಯ್ದೆ ಪೂರ್ತಿ ರದ್ದಾಗಿದ್ದು 1952ರ ಆಗಸ್ಟ್ 31ಕ್ಕೆ. ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ! ಇವತ್ತಿಗೂ ಆ ಸಮುದಾಯಗಳ ಜನ ಆಗಸ್ಟ್ 15ರ ಜೊತೆ 31ನ್ನೂ ಆಚರಿಸುತ್ತಾರೆ.

ನಿಮ್ಮ ಮೊಮ್ಮಗಳು ನಾಳೆ ಆಫೀಸರ್ ಆಗಬಹುದು. ಸಿಗ್ನಲ್ಸ್‌ಗೋ ಆರ್ಟಿಲರಿಗೋ ಹೋಗಬಹುದು. ಅಜ್ಜನ ಪಲ್ಟನ್ನಿಗೆ ಮಾತ್ರ ಬರುವಂತಿಲ್ಲ, ಇನ್ಫೆಂಟ್ರಿಗೆ ಹೆಣ್ಣುಮಕ್ಕಳನ್ನು ಇನ್ನೂ ತಗೊಳ್ತಾ ಇಲ್ಲ. ಅದನ್ನೂ ಕೇಳ್ತೀನಿ ಅಂತ ಆಕೆ ಹೊರಟರೆ ಬೈಬೇಡಿ, ಸಾಹೇಬ್ರೇ.